ಶೇಡಣ್ಣನ ಬಿಳಿ ಹಲ್ಲು

ಬಣ್ಣದ ಅಂಗಡಿಯ ಕೌಂಟರಿನ ಮುಂದೆ ನಿಂತಿದ್ದ ನಿವೃತ್ತ ಟೀಚರಮ್ಮನಿಗೆ ತಮ್ಮ ಹಿಂದಿನ ಕೋಣೆಯ ಗೋಡೆಗೆ ಎಂಥ ಬಣ್ಣ ಬೇಕೆಂಬುದು ಚೆನ್ನಾಗಿ ಗೊತ್ತಿತ್ತು. ಅದನ್ನು ಹೇಳುವುದಕ್ಕೆ ಮಾತ್ರ ಮಾತು ಸಿಗುತ್ತಿರಲಿಲ್ಲ. ಬಿಳಿ ಬೇಡ ಅಂದರು. ಬೂದಿಯೂ ಬೇಡ ಅಂದರು. ಅಂಗಡಿಯ ಶೇಡಣ್ಣ ಬಣ್ಣದ ಚೌಕಗಳ ಶೇಡ್ ಕಾರ್ಡುಗಳನ್ನು ಒಂದರ ಮೇಲೊಂದು ಬಿಡಿಸಿ ತೋರಿಸಿದ, ಅವರು ಎಲ್ಲಕ್ಕೂ ತಲೆ ಅಲ್ಲಾಡಿಸಿದರು. ಕೊನೆಗೆ ಅವನು ಗಿರಾಕಿಗಳಿಗೆಂದೇ ಇಟ್ಟುಕೊಂಡಿದ್ದ ಅಗಲವಾದ ನಗೆ ನಕ್ಕು, "ಎಲ್ಲಾದ್ರೂ ನೋಡಿದ್ರೆ ಹೇಳಿ ಅಮ್ಮಾ, ಮಿಕ್ಕಿದ್ದು ನನಗೆ ಬಿಡಿ" ಅಂದ. ಟೀಚರಮ್ಮನ ಮುಖ ಅರಳಿತು.

"ಹಾಂ! ಇದೇ ನೋಡಿ! ನಿಮ್ಮ ಮುಂದಿನ ಹಲ್ಲು ಇದೆಯಲ್ಲ, ಆ ಬೆಳ್ಳಗಿರೋದಲ್ಲ, ಅದರ ಪಕ್ಕದ್ದು. ಥೇಟ್ ಅದೇ ಬಣ್ಣ ಬೇಕು ನನಗೆ."

ಬ್ರಶ್ಶು ಆರಿಸುತ್ತಿದ್ದ ಇಬ್ಬರು ಪೇಂಟರುಗಳು ಕೈಯಲ್ಲಿದ್ದುದನ್ನು ಹಾಗೇ ಹಿಡಿದುಕೊಂಡು ನಿಂತುಬಿಟ್ಟರು. ಟೀಚರಮ್ಮ ಯಾರನ್ನೂ ಚುಚ್ಚಿ ಮಾತಾಡುವವರಲ್ಲ. ಪಾಪ, ಹುಡುಕುತ್ತಿದ್ದ ಬಣ್ಣ ಕಣ್ಣೆದುರಿಗೇ ಸಿಕ್ಕಿದ ಖುಷಿ ಅವರದು. ಶೇಡಣ್ಣ ಮಾತ್ರ ತೆರೆದ ಬಾಯಿ ಮುಚ್ಚಲಿಲ್ಲ. ಮುಚ್ಚಬೇಕೆಂದು ಅವನಿಗೆ ಹೊಳೆಯಲೂ ಇಲ್ಲ.

ಮಾತು ಬಂದದ್ದು ಯಾರಿಗೆ ನೋಡಿ! ಇಪ್ಪತ್ತೆಂಟು ವರ್ಷದಿಂದ ಬಣ್ಣ ಬೆರೆಸಿ ಹೊಟ್ಟೆ ಹೊರೆದ ಮನುಷ್ಯನಿಗೆ. ಅಪ್ಪ ಅಮ್ಮ ಇಟ್ಟ ಹೆಸರು ಕಾಗದಪತ್ರಗಳಲ್ಲಿ ಎಲ್ಲೋ ಉಳಿದುಕೊಂಡಿದೆ, ಜನರ ಬಾಯಲ್ಲಿ ಅವನು ಶೇಡಣ್ಣ. ನಂಬರು ಒತ್ತಿದರೆ ಬಣ್ಣ ಬೆರೆಸಿಕೊಡುವ ಯಂತ್ರ ಅಂಗಡಿಗೆ ಬಂದು ಕಾಲವಾಯಿತು. ಆದರೆ ಹಳೇ ಗೋಡೆಯಿಂದ ಎಬ್ಬಿಸಿ ತಂದ ಉಗುರಿನಷ್ಟು ಚಕ್ಕೆಗೆ ಹೊಸ ಬಣ್ಣ ಹೊಂದಿಸಬೇಕೆಂದರೆ ಅಂಗಡಿಯ ಯಜಮಾನರು ಇವತ್ತಿಗೂ "ಶೇಡಣ್ಣನ್ನ ಕರೀರಿ" ಅನ್ನುತ್ತಾರೆ. ಇವನು ಚಕ್ಕೆಯನ್ನು ಬೀದಿಗೆ ಒಯ್ದು, ಬಿಸಿಲಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, "ಹಳದಿ ಎರಡು ಹನಿ, ಕಪ್ಪು ಅರ್ಧ ಹನಿ" ಅಂದನೆಂದರೆ ಮುಗಿಯಿತು. ಬಳಿದ ಮೇಲೆ ಹಳೆಯದೆಲ್ಲಿ ಹೊಸದೆಲ್ಲಿ ಎಂದು ಮನೆಯವರಿಗೇ ತಿಳಿಯುವುದಿಲ್ಲ. ಇದರಿಂದ ಅವನಿಗೆ ಸ್ವಲ್ಪ ಕೊಬ್ಬೂ ಬಂದಿತ್ತೆನ್ನಿ. ಮದುವೆಯಾದ ಹೊಸದರಲ್ಲಿ ಹೆಂಡತಿಯ ಅಣ್ಣ ಹೊಸ ಬಿಳಿ ಅಂಗಿ ತೊಟ್ಟು ಬಂದಾಗ, "ಇದು ಬಿಳಿ ಅಲ್ಲ ಭಾವ, ಕೆನೆ" ಎಂದು ನಾಲ್ಕು ಜನರ ಮುಂದೆ ಹೇಳಿ ಆತನ ಮುಖ ಊದಿಸಿ ಕಳಿಸಿದವನು ಇವನು.

ಗೋದಾಮಿನ ಬೇಸಿನ್ನಿನ ಮೇಲೆ ಒಂದು ಕನ್ನಡಿಯಿದೆ. ಶೇಡಣ್ಣ ಟೀಚರಮ್ಮನನ್ನು ಅಲ್ಲೇ ಬಿಟ್ಟು ಅದರ ಮುಂದೆ ಹೋಗಿ ನಿಂತು ತುಟಿ ಎತ್ತಿದ. ಮೇಲಿನ ಸಾಲಿನ ನಡುವೆ ಎರಡು ಹಲ್ಲು. ಬಲಗಡೆಯದು ಹಾಲಿನ ಹಾಗಿತ್ತು. ಎಡಗಡೆಯದರ ಪಕ್ಕಕ್ಕೆ ಶೇಡ್ ಕಾರ್ಡು ಹಿಡಿದು ಚೌಕ ಚೌಕವಾಗಿ ಜರುಗಿಸುತ್ತ ಹೋದ. ನಾಲ್ಕನೇ ಸಾಲಿನ ಮೂರನೇ ಚೌಕ ಬಂದಾಗ ಕೈ ನಿಂತಿತು. ಹಳದಿ ಬೆರೆತ ಮಾಸಲು ಬೂದಿ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ದಿನಕ್ಕೆ ಹತ್ತು ಸಲ ಮುಖ ನೋಡಿಕೊಳ್ಳುವ ಕನ್ನಡಿ ಅದು. ಪ್ರಪಂಚದ ಗೋಡೆಗಳನ್ನೆಲ್ಲ ಜಾಲಾಡುವ ಕಣ್ಣಿಗೆ ಸ್ವಂತ ಬಾಯಿ ಕಂಡಿರಲಿಲ್ಲವೆಂದರೆ!

ಆಮೇಲೆ ಅವನು ಮಾಡಿದ್ದು ಬಣ್ಣದ ಕಸುಬಿನವರಿಗೆ ಮಾತ್ರ ಹೊಳೆಯಬಹುದಾದ ಪೆದ್ದುತನ. ಬಣ್ಣಕ್ಕೆ ಹನಿ ಹನಿಯಾಗಿ ಬೆರೆಸುವ ಸ್ಟೇನರ್ ಪುಟ್ಟ ಪುಟ್ಟ ಬಾಟಲಿಗಳಲ್ಲಿ ಬರುತ್ತದೆ. ಒಂದು ಕೈಯಲ್ಲಿ ಡಬ್ಬ, ಇನ್ನೊಂದರಲ್ಲಿ ಕೋಲು ಹಿಡಿದವನು ಬಾಟಲಿಯ ಮುಚ್ಚಳ ತಿರುಗಿಸುವುದು ಹಲ್ಲಿನಿಂದಲೇ. ಹೀಗೆ ವರ್ಷಗಟ್ಟಲೆ ಮುಚ್ಚಳ ಕಚ್ಚಿದ್ದಕ್ಕೆ ಸ್ಟೇನರ್ ಹಲ್ಲಿಗೆ ಹತ್ತಿಕೊಂಡಿದೆ ಎಂದು ಅವನು ತೀರ್ಮಾನಿಸಿಬಿಟ್ಟ. ಹತ್ತಿಕೊಂಡ ಬಣ್ಣಕ್ಕೆ ಮದ್ದು ಯಾವುದು? ಟರ್ಪೆಂಟೈನ್. ಬಟ್ಟೆಯ ತುದಿ ಅದ್ದಿ ತಿಕ್ಕಿಯೇ ತಿಕ್ಕಿದ. ತುಟಿ ಸುಟ್ಟಿತು, ಕಣ್ಣಲ್ಲಿ ನೀರು ಬಂತು. ಹಲ್ಲು ಇದ್ದ ಹಾಗೇ ಇತ್ತು.

ಸಂಜೆ ಮನೆಗೆ ಹೋದಾಗ ಹೆಂಡತಿ ಆಗಷ್ಟೇ ಅಂಚೆ ಕಚೇರಿಯಿಂದ ಬಂದು ಚಪ್ಪಲಿ ಬಿಡುತ್ತಿದ್ದಳು. ಅಲ್ಲಿನ ಕೌಂಟರಿನಲ್ಲಿ ದಿನವಿಡೀ ಜನರ ಮುಖ ನೋಡುವ ಕೆಲಸ ಅವಳದು.

"ಏನ್ರೀ ಇದು, ಬಾಯಿ ತೆಗೆದ್ರೆ ಗೋದಾಮಿನ ವಾಸನೆ!"

"ಹಲ್ಲಿಗೆ ಬಣ್ಣ ಹತ್ತಿತ್ತು. ತಿಕ್ಕಿದೆ."

"ಯಾವ್ದು, ಆ ಬೂದಿ ಹಲ್ಲಾ?"

ಶೇಡಣ್ಣ ಬೆಚ್ಚಿಬಿದ್ದ. "ನಿಂಗೆ ಮೊದ್ಲೇ ಗೊತ್ತಿತ್ತಾ?"

"ಗೊತ್ತಿಲ್ದೆ ಏನು? ಮೂರು ವರ್ಷದಿಂದ ನೋಡ್ತಾನೇ ಇದೀನಿ."

"ಮತ್ತೆ ಹೇಳ್ಬಾರ್ದಾ?"

"ಬಣ್ಣದ ವಿಷಯ ನಿಮಗೆ ಯಾರ್ರೀ ಹೇಳೋರು? ಆ ಪರದೆ ನೀಲಿ ಅಂದಿದ್ದಕ್ಕೆ ಎರಡು ದಿನ ಪಾಠ ಮಾಡಿದ್ರಿ ನಂಗೆ. ಹಲ್ಲಿನ ಉಸಾಬರಿ ನಂಗ್ಯಾಕೆ ಅಂತ ಸುಮ್ಮನಾದೆ."

ಅಂದರೆ ಮೂರು ವರ್ಷದಿಂದ ಹೆಂಡತಿ ನೋಡಿದ್ದಾಳೆ, ಯಜಮಾನರು ನೋಡಿದ್ದಾರೆ, ಪೇಂಟರುಗಳೆಲ್ಲ ನೋಡಿದ್ದಾರೆ, ಶೇಡಣ್ಣನಿಗೆ ಬಣ್ಣದ ಬಗ್ಗೆ ಬಾಯಿ ತೆಗೆಯುವ ಧೈರ್ಯ ಒಬ್ಬರಿಗೂ ಬಂದಿಲ್ಲ. ಅವನು ಗರಬಡಿದವನ ಹಾಗೆ ಕುರ್ಚಿಯಲ್ಲಿ ಕೂತ.

ಮಾರನೇ ದಿನ ಪೇಂಟರ್ ಮೇಸ್ತ್ರಿ ಅವನ ದಿಗಿಲಿನ ಬೆಂಕಿಗೆ ಇನ್ನಷ್ಟು ತುಪ್ಪ ಸುರಿದ. "ಹಲ್ಲು ಕಪ್ಪಾಯ್ತು ಅಂದ್ರೆ ಒಳಗೆ ಸತ್ತೋಯ್ತು ಅಂತಾನೇ ಅಣ್ಣ. ಬೇಗ ರೂಟ್ ಕೆನಾಲ್ ಮಾಡಿಸ್ಕೋ. ಒಳಗಿನ ನರ ತೆಗೆದು, ತೊಳೆದು, ತುಂಬಿಸಿಬಿಡ್ತಾರೆ, ಹಲ್ಲು ಉಳ್ಕೊಳ್ಳುತ್ತೆ. ತಡ ಮಾಡಿದ್ಯೋ, ಕೀಳೋದೇ."

ಕೀಳುವುದು ಎಂಬ ಮಾತು ಕೇಳಿದ್ದೇ ಶೇಡಣ್ಣ ಹಲ್ಲಿನ ಡಾಕ್ಟರ ವಿಳಾಸ ವಿಚಾರಿಸಿದ. ಅದಕ್ಕೆ ಕಾರಣವಿತ್ತು. ಅವನ ಅಪ್ಪ ಐವತ್ತರ ಆಸುಪಾಸಿನಲ್ಲಿ ಮುಂದಿನ ಹಲ್ಲುಗಳನ್ನು ಕಳೆದುಕೊಂಡವರು. ಕಟ್ಟಿಸಿಕೊಂಡ ಹಲ್ಲು ಒಂದು ದಿನವೂ ಬಾಯಲ್ಲಿ ನೆಟ್ಟಗೆ ಕೂರಲಿಲ್ಲ. ಕೂತಲ್ಲಿ ನಿಂತಲ್ಲಿ ಹರಟುತ್ತಿದ್ದ ಮನುಷ್ಯ, ಬರುಬರುತ್ತ ಯಾರಾದರೂ ಮನೆಗೆ ಬಂದರೆ ಎದ್ದು ಒಳಗೆ ಹೋಗತೊಡಗಿದರು. ಕೊನೆಯ ಹತ್ತು ವರ್ಷ ಅವರು ಮಾತಾಡಿದ್ದನ್ನೆಲ್ಲ ಒಂದು ಕಾಗದದಲ್ಲಿ ಬರೆದುಬಿಡಬಹುದಿತ್ತು. ಈಗ ಮಗನಿಗೆ ಐವತ್ನಾಲ್ಕು. ಅವನಿಗೆ ಸಾಯುವ ಭಯವಿರಲಿಲ್ಲ, ಅಪ್ಪನ ಹಾಗಾಗುವ ಭಯವಿತ್ತು.

ಹಲ್ಲಿನ ಡಾಕ್ಟರಮ್ಮ ಅವನ ಮಗಳಾಗುವಷ್ಟು ಚಿಕ್ಕವರು. ಔಷಧಿ ಅಂಗಡಿಯ ಪಕ್ಕದ ಎರಡು ಕೋಣೆಗಳಲ್ಲಿ ಅವರ ಕ್ಲಿನಿಕ್ಕು. ಶೇಡಣ್ಣ ಕುರ್ಚಿಯ ಮೇಲೆ ಒರಗುವ ಮೊದಲೇ ಆರ್ಡರ್ ಕೊಟ್ಟ.

"ಈ ಎಡಗಡೆ ಹಲ್ಲು ಸತ್ತಿದೆ ಡಾಕ್ಟ್ರಮ್ಮ. ರೂಟ್ ಕೆನಾಲ್ ಮಾಡಿಬಿಡಿ."

"ಸತ್ತಿದೆ ಅಂತ ಯಾರಂದ್ರು ಅಂಕಲ್?"

"ಯಾರನ್ನಬೇಕು? ಬಣ್ಣ ನೋಡಿದ್ರೆ ಗೊತ್ತಾಗಲ್ವಾ?"

"ನೋವಿದೆಯಾ?"

"ಇಲ್ಲ."

"ಯಾವಾಗಾದ್ರೂ ಏಟು ಬಿದ್ದಿತ್ತಾ?"

ಬಿದ್ದಿತ್ತು. ಹನ್ನೆರಡು ವರ್ಷದ ಹಿಂದೆ ಇಪ್ಪತ್ತು ಲೀಟರಿನ ಡಬ್ಬದ ಮುಚ್ಚಳ ಮೀಟುವಾಗ ಕಬ್ಬಿಣದ ಪಟ್ಟಿ ಜಾರಿ ಬಾಯಿಗೆ ಬಡಿದಿತ್ತು. ನಡುವಿನ ಎರಡೂ ಹಲ್ಲು ಒಂದು ವಾರ ಅಲ್ಲಾಡಿ ಆಮೇಲೆ ಗಟ್ಟಿಯಾಗಿದ್ದವು. ಅವನು ಮರೆತೂಬಿಟ್ಟಿದ್ದ.

ಡಾಕ್ಟರಮ್ಮ ಒಂದು ಪಟ್ಟಿಯನ್ನು ಹೊರತೆಗೆದರು. ಸಾಲಾಗಿ ಸಿಕ್ಕಿಸಿದ ಸುಳ್ಳು ಹಲ್ಲುಗಳು, ಒಂದೊಂದರದೂ ಒಂದೊಂದು ಬಿಳಿ. ಶೇಡಣ್ಣ ಭಯ, ಅಪ್ಪ ಎಲ್ಲ ಮರೆತು ಎದ್ದು ಕೂತ. "ಅಯ್ಯೋ, ನಿಮ್ಮಲ್ಲೂ ಶೇಡ್ ಕಾರ್ಡ್ ಇದೆಯಾ!" ಎಂದು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದ. ಆದರೆ ಅವರು ಅದನ್ನು ಟ್ಯೂಬ್‌ಲೈಟಿನ ಕೆಳಗೇ ಹಲ್ಲಿನ ಪಕ್ಕ ಹಿಡಿಯಲು ಬಂದಾಗ ಅವನ ಕಸುಬಿನ ಮನಸ್ಸು ಒಪ್ಪಲಿಲ್ಲ. "ಇಲ್ಲಿ ಬೇಡ, ಈ ದೀಪ ಸುಳ್ಳು ಹೇಳುತ್ತೆ, ಹೊರಗೆ ಬನ್ನಿ" ಎಂದು ಎದ್ದೇಬಿಟ್ಟ. ಎದೆಯ ಮೇಲೆ ಹೊದಿಸಿದ್ದ ಪ್ಲಾಸ್ಟಿಕ್ ಹಾಳೆಯ ಸಮೇತ ಫುಟ್‌ಪಾತಿನ ಮೇಲೆ ಬಾಯಿ ತೆರೆದು ನಿಂತ. ಓಡಾಡುವ ಜನ ನಿಂತು ನೋಡಿದರು. ಡಾಕ್ಟರಮ್ಮ ನಗು ತಡೆದುಕೊಂಡು ಬೀದಿಯಲ್ಲೇ ಹಲ್ಲಿನ ಬಣ್ಣ ನೋಡಿ ಬರೆದುಕೊಂಡರು.

"ಬಣ್ಣ ಕೆಟ್ಟಿರೋದು ನಿಜ," ಅಂದರು ಒಳಗೆ ಬಂದು. "ಆದ್ರೆ ಜೀವ ಇದೆಯೋ ಇಲ್ವೋ ಅನ್ನೋದನ್ನ ಬಣ್ಣ ಹೇಳಲ್ಲ. ಹಲ್ಲನ್ನೇ ಕೇಳ್ಬೇಕು."

ಹತ್ತಿಯ ಉಂಡೆಯ ಮೇಲೆ ಏನನ್ನೋ ಚಿಮ್ಮಿಸಿ, ಮಂಜಿನಂತೆ ಕೊರೆಯುತ್ತಿದ್ದ ಅದನ್ನು ಚಿಮುಟದಲ್ಲಿ ಹಿಡಿದು ಬೂದಿ ಹಲ್ಲಿಗೆ ಮುಟ್ಟಿಸಿದರು. ಶೇಡಣ್ಣ ಕುರ್ಚಿಯಿಂದ ಒಂದಡಿ ಮೇಲಕ್ಕೆ ಹಾರಿದ.

"ಸತ್ತಿದ್ದು ಹೀಗೆ ಹಾರುತ್ತಾ ಅಂಕಲ್? ಈ ಹಲ್ಲು ಬದುಕಿದೆ."

ಅವನು ದಂಗಾಗಿಹೋದ. ತಾನು ಬಣ್ಣ ನೋಡಿ ತಿಥಿ ಮುಗಿಸಿದ್ದ ಹಲ್ಲು ಬದುಕಿತ್ತು! ಇವರು ತನ್ನ ಮಾತು ಕೇಳಿ ಅದನ್ನೇ ಕೊರೆದುಬಿಟ್ಟಿದ್ದರೆ? ಅದನ್ನು ನೆನೆದು ಮೈ ಜುಮ್ಮೆಂದರೂ ಸಮಾಧಾನವಾಯಿತು. ಎದ್ದು ಹೊರಡುವವನ ಹಾಗೆ ಕಾಲು ಕೆಳಗಿಟ್ಟ.

"ಇರಿ, ಪಕ್ಕದ್ದನ್ನೂ ನೋಡೋಣ."

"ಅದನ್ನೇನು ನೋಡೋದು? ನನ್ನ ಬಾಯಲ್ಲಿ ಇರೋದ್ರಲ್ಲೇ ಒಳ್ಳೇ ಹಲ್ಲದು."

ಹತ್ತಿ ಬಿಳಿ ಹಲ್ಲಿಗೆ ತಾಗಿತು. ಶೇಡಣ್ಣ ಹಾರಲು ಸಿದ್ಧನಾಗಿ ಕಣ್ಣು ಮುಚ್ಚಿ ಕಾದ. ಏನೂ ಆಗಲಿಲ್ಲ. ಇನ್ನೂ ಕಾದ. ಹಲ್ಲೇ ಇಲ್ಲವೇನೋ ಎಂಬಂತಿತ್ತು.

"ತಣ್ಣಗಿದೆ," ಅಂದ.

"ಖಂಡಿತಾ?"

"ತಣ್ಣಗಿದೆ ಅಂದ್ನಲ್ಲ."

"ಸರಿ, ಇನ್ನೊಂದ್ಸಲ." ಅವರು ಅತ್ತ ತಿರುಗಿದರು, ಚುಸ್ ಎಂದು ಚಿಮ್ಮಿಸಿದ ಸದ್ದು ಬಂತು, ಹತ್ತಿ ಮತ್ತೆ ಹಲ್ಲಿಗೆ ತಾಗಿತು. "ಈಗ?"

"ಈಗಂತೂ ಇನ್ನೂ ಜಾಸ್ತಿ ತಣ್ಣಗಿದೆ."

ಡಾಕ್ಟರಮ್ಮ ಅದೇ ಹತ್ತಿಯನ್ನು ಅವನ ಮುಂಗೈ ಮೇಲಿಟ್ಟರು. ಅದು ಒಣಗಿತ್ತು, ಬೆಚ್ಚಗಿತ್ತು. ಅವರು ಹೊಸ ಹತ್ತಿ ತೆಗೆದುಕೊಂಡು, ಚಿಮ್ಮಿಸಿದ್ದನ್ನು ಕಸದ ತೊಟ್ಟಿಗೆ ಬಿಟ್ಟಿದ್ದರು.

ಶೇಡಣ್ಣನ ಮುಖ ನೋಡುವ ಹಾಗಿರಲಿಲ್ಲ. ಏಕೆಂದರೆ ಈ ಆಟ ಅವನದೇ. ಬಣ್ಣ ಒಪ್ಪದ ಗಿರಾಕಿ ಸಿಕ್ಕರೆ ಅವನು ಡಬ್ಬ ಎತ್ತಿಕೊಂಡು ಗೋದಾಮಿಗೆ ಹೋಗುತ್ತಾನೆ, ಏನೂ ಹಾಕದೆ ಕೋಲಿನಿಂದ ನಾಲ್ಕು ಸುತ್ತು ಕಲಕುತ್ತಾನೆ, ಅದೇ ಬಣ್ಣ ತಂದು "ಒಂದು ಹನಿ ಕಪ್ಪು ಹಾಕ್ದೆ ನೋಡಿ" ಅನ್ನುತ್ತಾನೆ. ಗಿರಾಕಿ "ಈಗ ಸರಿಹೋಯ್ತು" ಎಂದು ಖುಷಿಯಿಂದ ಒಯ್ಯುತ್ತಾನೆ. ಇಪ್ಪತ್ತೆಂಟು ವರ್ಷದಲ್ಲಿ ಒಬ್ಬರೂ ಅವನನ್ನು ಹಿಡಿದಿರಲಿಲ್ಲ. ಈ ಹುಡುಗಿ ಅವನನ್ನೇ ಗಿರಾಕಿ ಮಾಡಿ ಕೂರಿಸಿದ್ದಳು.

"ಯಾಕೆ ಅಂಕಲ್ ಸುಳ್ಳು ಹೇಳಿದ್ರಿ?" ಡಾಕ್ಟರಮ್ಮ ಬೈಯಲಿಲ್ಲ, ಮೆಲ್ಲಗೆ ಕೇಳಿದರು.

"ಅದು ಬೆಳ್ಳಗಿದೆ ಡಾಕ್ಟ್ರಮ್ಮ," ಅಂದ.

ಎಕ್ಸ್-ರೇ ತೆಗೆದರು. ಪರದೆಯ ಮೇಲೆ ಎರಡೂ ಹಲ್ಲು ಬೇರಿನ ಸಮೇತ ಕಂಡವು. ಬಿಳಿ ಹಲ್ಲಿನ ಬೇರಿನ ತುದಿಯಲ್ಲಿ ಬಟಾಣಿ ಕಾಳಿನಷ್ಟು ಕಪ್ಪು. ಸೋಂಕು ಅಲ್ಲಿ ಮೂಳೆಯನ್ನು ತಿಂದಿದೆ ಎಂದರು. ಒಸಡಿನಲ್ಲಿ ಆಗಾಗ ಗುಳ್ಳೆ ಏಳುತ್ತದೆಯೇ ಎಂದು ಕೇಳಿದರು. ಏಳುತ್ತಿತ್ತು, ಒಡೆದು ಹೋಗುತ್ತಿತ್ತು. ಉಷ್ಣವೆಂದು ಅವನು ನೀರು ಕುಡಿದು ಸುಮ್ಮನಾಗುತ್ತಿದ್ದ.

"ಆವತ್ತು ಎರಡಕ್ಕೂ ಪೆಟ್ಟು ಬಿದ್ದಿದೆ. ಎಡಗಡೇದು ಒಳಗಿನ ನಾಳಾನ ಗಟ್ಟಿಯಾಗಿ ತುಂಬಿಸ್ಕೊಳ್ತಾ ಬಂದಿದೆ, ಅದಕ್ಕೇ ಬಣ್ಣ ಕೆಟ್ಟಿದೆ. ಆದ್ರೆ ಬದುಕಿದೆ, ಬೇರೂ ಚೆನ್ನಾಗಿದೆ. ಅದಕ್ಕೆ ರೂಟ್ ಕೆನಾಲ್ ಬೇಡ, ವರ್ಷಕ್ಕೊಂದ್ಸಲ ತೋರಿಸಿದ್ರೆ ಸಾಕು. ಬಲಗಡೇದು ಸದ್ದಿಲ್ದೆ ಹೋಗಿಬಿಟ್ಟಿದೆ. ಸತ್ತ ಹಲ್ಲೆಲ್ಲಾ ಕಪ್ಪಾಗೇ ಆಗುತ್ತೆ ಅಂತೇನಿಲ್ಲ ಅಂಕಲ್. ರೂಟ್ ಕೆನಾಲ್ ಬೇಕಾಗಿರೋದು ಇದಕ್ಕೆ. ಬಿಟ್ರೆ ಇದನ್ನೇ ಕಳ್ಕೊಳ್ತೀರಿ."

"ನಿಮ್ಮ ಪರೀಕ್ಷೆನೇ ತಪ್ಪಾಗಿದ್ರೆ?"

"ತಪ್ಪಾಗಬಾರ್ದು ಅಂತಾನೇ ತಣ್ಣನೆ ಹತ್ತಿ, ಎಕ್ಸ್-ರೇ, ಒಸಡಿನ ಗುಳ್ಳೆ ಅಂತ ಮೂರು ಥರ ನೋಡಿದ್ದು. ಇನ್ನೂ ಅನುಮಾನ ಇದ್ರೆ ಒಂದು ದಾರಿ ಇದೆ. ಮರಗಟ್ಟಿಸೋ ಸೂಜಿ ಕೊಡದೆ ಸ್ವಲ್ಪ ಕೊರೀತೀನಿ. ಜೀವ ಇದ್ರೆ ತಕ್ಷಣ ನೋವಾಗುತ್ತೆ, ನೀವು ಕೈ ಎತ್ತಿ. ಅಲ್ಲಿಗೇ ನಿಲ್ಲಿಸಿ ಮುಚ್ಚಿಬಿಡ್ತೀನಿ. ಯೋಚನೆ ಮಾಡಿ ಬನ್ನಿ."

ಒಂದು ವಾರ ಶೇಡಣ್ಣ ಮಾಡಿದ್ದು ಯೋಚನೆಯಲ್ಲ, ಮಂಜುಗಡ್ಡೆಯ ಪ್ರಯೋಗ. ಬೆಳಗ್ಗೆ ಎದ್ದ ಕೂಡಲೇ ಫ್ರಿಜ್ಜಿನಿಂದ ಒಂದು ತುಂಡು ತೆಗೆದು ಬಿಳಿ ಹಲ್ಲಿಗೆ ಒತ್ತುವುದು. ಬೆರಳು ಮರಗಟ್ಟುತ್ತಿತ್ತು, ತುಟಿ ಮರಗಟ್ಟುತ್ತಿತ್ತು, ಗಲ್ಲದಿಂದ ನೀರು ಇಳಿದು ಅಂಗಿ ನೆನೆಯುತ್ತಿತ್ತು. ಹಲ್ಲು ಉಸಿರೆತ್ತುತ್ತಿರಲಿಲ್ಲ. ಪ್ರತಿ ಸಲವೂ ಅವನಿಗೆ ಹೊಸದಾಗಿ ಆಘಾತ. ಅಂಗಡಿಯಲ್ಲಿ ಯಾರಾದರೂ ಚಕ್ಕೆ ಕೊಟ್ಟರೆ ಬೀದಿಗೆ ಒಯ್ದು ನೋಡುತ್ತ ನಿಂತುಬಿಡುತ್ತಿದ್ದ, ಹನಿಯ ಲೆಕ್ಕ ಬಾಯಿಗೆ ಬರುತ್ತಿರಲಿಲ್ಲ. ನಾಲ್ಕನೆಯ ದಿನ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಅವನ ಪ್ರಯೋಗ ನೋಡಿದಳು.

"ಅದಕ್ಕೆ ಮಾತಾಡೋಕೆ ಇಷ್ಟ ಇಲ್ಲ ಕಣ್ರೀ, ಎಷ್ಟು ಕೇಳ್ತೀರಾ? ಶನಿವಾರ ಅರ್ಧ ದಿನ ರಜ ಹಾಕ್ತೀನಿ. ಹೋಗೋಣ."

ಶನಿವಾರ ಅವಳು ಹೊರಗಿನ ಬೆಂಚಿನ ಮೇಲೆ ಕೂತಳು, ಇವನು ಒಳಗೆ ಹೋದ. ಸೂಜಿ ಬೇಡವೆಂದು ತಾನೇ ಹೇಳಿದ.

"ನೋವಾದ ತಕ್ಷಣ ಕೈ ಎತ್ತಿ," ಎಂದು ಡಾಕ್ಟರಮ್ಮ ಇನ್ನೊಮ್ಮೆ ನೆನಪಿಸಿದರು.

ಕೊರೆಯುವ ಯಂತ್ರದ ಕೀರಲು ಸದ್ದು ಶುರುವಾಯಿತು. ಎಂಥವರೂ ಹೆಚ್ಚು ನೋವಾಗದಿರಲಿ ದೇವರೇ ಎಂದು ಬೇಡಿಕೊಳ್ಳುವ ಜಾಗ ಅದು. ಶೇಡಣ್ಣ ಬೇಡಿಕೊಂಡದ್ದು ಬೇರೆ. ನೋವಾಗಲಿ ಎಂದು ಬೇಡಿಕೊಂಡ. ಜೀವ ಹೋಗುವಷ್ಟು ನೋವಾಗಲಿ, ತಾನು ಕಿರುಚಿಕೊಳ್ಳುವಂತಾಗಲಿ, ಡಾಕ್ಟರಮ್ಮ ತಪ್ಪಾಯಿತೆಂದು ಕೈ ಹಿಂದಕ್ಕೆಳೆದುಕೊಳ್ಳಲಿ. ಬಲಗೈಯನ್ನು ಕುರ್ಚಿಯ ತೋಳಿನ ಮೇಲೆ ಬಿಗಿಯಾಗಿ ಸಿದ್ಧವಾಗಿಟ್ಟುಕೊಂಡಿದ್ದ. ಒಂದು ಚೂರು ಚುಳುಕ್ ಎಂದರೆ ಸಾಕು, ಎತ್ತುವುದೇ.

ಯಂತ್ರ ಹಲ್ಲಿಗೆ ತಾಗಿತು. ತಲೆಬುರುಡೆಯೆಲ್ಲ ಗುಂಯ್‌ಗುಟ್ಟಿತು. ನೀರು ಚಿಮ್ಮಿತು, ಪುಡಿಯ ವಾಸನೆ ಬಂತು. ಅವನು ಕಾದ. ಇನ್ನೂ ಮೇಲಿನ ಪದರವೇ ಇರಬೇಕು, ಈಗ ಬರುತ್ತದೆ ಅಂದುಕೊಂಡ. ಈಗ ಅಂದುಕೊಂಡ. ಸದ್ದು ದಪ್ಪಗಾಯಿತು, ಯಂತ್ರ ಒಳಕ್ಕೆ ಇಳಿಯುತ್ತಿರುವುದು ತಿಳಿಯುತ್ತಿತ್ತು. ಬೇರೆ ಯಾರದೋ ಮನೆಯ ಗೋಡೆಯನ್ನು ಕೊರೆಯುವುದು ಪಕ್ಕದ ಕೋಣೆಯಲ್ಲಿ ಮಲಗಿದವನಿಗೆ ಕೇಳಿಸಿದ ಹಾಗಿತ್ತು. ಇದ್ದಕ್ಕಿದ್ದಂತೆ ಕೊಳೆತ ನಾತವೊಂದು ಗಂಟಲಿಗೆ ಇಳಿಯಿತು. ಯಂತ್ರ ನಿಂತಿತು.

"ಒಳಗೆ ಬಂದ್ವಿ ಅಂಕಲ್," ಅಂದರು ಡಾಕ್ಟರಮ್ಮ. "ತುಂಬಾ ವರ್ಷ ಆಗಿದೆ."

ಶೇಡಣ್ಣ ಕುರ್ಚಿಯ ತೋಳಿನ ಕಡೆ ಕಣ್ಣು ಹೊರಳಿಸಿದ. ಕೈ ಇಟ್ಟ ಜಾಗದಲ್ಲೇ ಇತ್ತು.

ಆವತ್ತಿನ ತೊಳೆಯುವ ಕೆಲಸ ಮುಗಿಸಿ, ಮದ್ದಿಟ್ಟು, ತಾತ್ಕಾಲಿಕವಾಗಿ ಮುಚ್ಚಿದರು. ಹತ್ತು ದಿನ ಬಿಟ್ಟು ಬನ್ನಿ, ಪೂರ್ತಿ ತುಂಬಿಸೋಣ, ಈ ಹಲ್ಲು ಉಳಿಯುತ್ತದೆ ಅಂದರು. ಅವನು ತಲೆಯಾಡಿಸಿದ. ಹಲ್ಲು ಉಳಿಯುತ್ತದೆ ಎಂಬ ಮಾತು ಕೇಳಲೆಂದೇ ಬಂದಿದ್ದ, ಆದರೂ ಅದು ಅವನ ಕಿವಿಗೆ ಸರಿಯಾಗಿ ಬೀಳಲಿಲ್ಲ.

ಹೊರಗೆ ಬಂದ ಗಂಡನ ಮುಖ ನೋಡಿ ಹೆಂಡತಿ ಬೆಂಚಿನಿಂದ ಎದ್ದುನಿಂತಳು. ಅವನ ಕಣ್ಣಿಂದ ನೀರು ಬಳಬಳ ಇಳಿಯುತ್ತಿತ್ತು. ಇಷ್ಟು ವರ್ಷದ ಸಂಸಾರದಲ್ಲಿ ಅವಳು ಅದನ್ನು ನೋಡಿದವಳಲ್ಲ. ಹೌಹಾರಿ ಒಳಗಿನ ಬಾಗಿಲಿನತ್ತ ತಿರುಗಿ ದನಿ ಎತ್ತಿದಳು.

"ಏನು ಡಾಕ್ಟ್ರೇ ಇದು? ಅವರು ಬೇಡ ಅಂದ್ರೆ ನೀವು ಸೂಜಿ ಕೊಡೋದು ಬಿಟ್ಬಿಡೋದಾ? ಮನುಷ್ಯನ್ನ ಇಷ್ಟು ನೋಯಿಸೋದಾ?"

ಶೇಡಣ್ಣ ಅವಳ ಕೈ ಹಿಡಿದುಕೊಂಡ. "ಬೈಬೇಡ ಕಣೇ ಅವರನ್ನ."

"ಯಾಕೆ ಬೈಬಾರ್ದು? ಎಷ್ಟು ನೋವಾಗಿದ್ರೆ ನೀವು ಹೀಗೆ ಅಳ್ತೀರಾ!"

"ಏನೂ ಆಗ್ಲಿಲ್ಲ," ಎಂದು ಅವನು ಬೆಂಚಿನ ಮೇಲೆ ಕುಸಿದು ಕೂತ. "ಒಂದು ಚೂರೂ ನೋವಾಗ್ಲಿಲ್ಲ ಕಣೇ."